ಅಂಟದ ಜಾಗ

ವಾಲ್ವಿಸ್ ಬೇಯಲ್ಲಿ ಹಳೇ ಗಾಡಿ ಕೊಳ್ಳುವವರು
ಮೊದಲು ಬೆಲೆ ಕೇಳುವುದಿಲ್ಲ.
ಕಡಲಿನದೋ ಒಳನಾಡಿನದೋ ಎನ್ನುತ್ತಾರೆ.
ಬೆಳಗಿನ ಜಾವ ಮಂಜು ಬಂದು
ನಿಂತ ಕಬ್ಬಿಣವನ್ನೆಲ್ಲ ನೆಕ್ಕಿ ಹೋಗುವ ಊರು,
ಹಸು ಕರುವನ್ನು ನೆಕ್ಕುವಷ್ಟೇ ನಿಧಾನಕ್ಕೆ.

ಫೆಸ್ಟಸ್‌ಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಆಗಬೇಕು.
ಹಿಂದೆ ನಾಲ್ವರು ಮಲಗಬೇಕು,
ಮರಳಲ್ಲಿ ಹೂತರೆ ತಾನಾಗಿ ಎದ್ದು ಬರಬೇಕು,
ಬೆಲೆ ಮಾತ್ರ ಮೀನು ಕಾರ್ಖಾನೆಯ ಸಂಬಳಕ್ಕೆ ಎಟುಕಬೇಕು.
‘ಅಂಥದ್ದಕ್ಕೆ ಹಾರ್ನಿನ ಬದಲು ಪ್ರಾರ್ಥನೆ ಇರುತ್ತೆ’ ಅಂದೆ.
ನಗಲಿಲ್ಲ ಅವನು.
ಹಜಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಾಡಿ ಬರೆದು
ಮಕ್ಕಳನ್ನು ಒಳಗೆ ಮಲಗಿಸಿ ನೋಡುತ್ತಿದ್ದ.
ಪೆಂಡಾನ ಕಾಲು ಬಂಪರಿನಾಚೆ.

ನನ್ನ ಪಾಲಿಗೆ ಅಯಸ್ಕಾಂತ.
ಫ್ರಿಜ್ಜಿನ ಬಾಗಿಲಿಗೆ ನ್ದಾಪೇವಾಳ ಚಿತ್ರವನ್ನು
ಒತ್ತಿ ಹಿಡಿದಿದ್ದ ಕೆಂಪು ಏಡಿ.
ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.
ತಗಡಾದರೆ ಟಪ್ಪನೆ ಕೂರುತ್ತದೆ;
ತೂತಿಗೆ ಮೆತ್ತಿ ಬಣ್ಣ ಬಳಿದಿದ್ದರೆ
ಜಾರಿ ಬೀಳುತ್ತದೆ. ಏಡಿಗೆ ದಾಕ್ಷಿಣ್ಯವಿಲ್ಲ.

ಮೊದಲನೆಯದು ನಮ್ಮದೇ ಕಂಪನಿಯದು.
ಬಾಗಿಲು ತೆರೆದರೆ ನನ್ನ ಪಾಳಿಯ ವಾಸನೆ.
ರಜೆಗೂ ಅದೇ ಮೂಗೇ? ಮುಚ್ಚಿಬಿಟ್ಟೆ.
ಎರಡನೆಯದು ಬಿಳಿ, ಮದುವಣಗಿತ್ತಿಯಂತೆ ಫಳಫಳ.
ಏಡಿ ಏಳು ಸಲ ಬಿತ್ತು.
‘ಅಯಸ್ಕಾಂತ ಹಳತಾಗಿದೆ ಅಮ್ಮಾ’ ಅಂದ ಮಾರುವವ.
ಇನ್ನೊಂದರ ಮೀಟರು ಹೇಳಿದ್ದು ಎಂಬತ್ತು ಸಾವಿರ,
ಬ್ರೇಕಿನ ಪೆಡಲು ಹೇಳಿದ್ದು ಬೇರೆ.
ಪಾದ ಸವೆಸಿದ್ದನ್ನು ಯಾರು ತಿದ್ದುತ್ತಾರೆ?

ಐದು ಶನಿವಾರ ಹೀಗೆ ಕಳೆದವು.
ಕಡೆಗೆ ಒಮಾರುರುವಿನ ಆಚೆ, ಮುಳ್ಳು ಮರದ ನೆರಳಲ್ಲಿ,
ಕೋಳಿಗಳು ವಾಸವಿದ್ದ ಒಂದು ಹೈಲಕ್ಸ್.
ಒಡೆಯ ಓಮ್ ಅದ್ರಿಯಾನ್, ಮೂವತ್ತು ವರ್ಷ
ತೋಟದಿಂದ ತೋಟಕ್ಕೆ ಹೋಗಿ
ನೀರೆತ್ತುವ ಗಾಳಿಯಂತ್ರ ರಿಪೇರಿ ಮಾಡಿದವರು.
ನಾನು ಜೇಬಿಗೆ ಕೈ ಹಾಕುವ ಮೊದಲೇ
ಎಡಗಡೆಯ ಬಾಗಿಲು ತಟ್ಟಿದರು:
‘ಇಲ್ಲಿ ಅಂಟಲ್ಲ.
ಮೇ ತಿಂಗಳ ರಾತ್ರಿ ಕುಡು ಜಿಂಕೆ ಬಂದು ಹೊಡೆಯಿತು, ಹೀಗಿದ್ದವು ಕೊಂಬು.
ನಾನೇ ಹೊಡೆದೆ ಅನ್ನಬೇಕು. ದಾರಿ ಅದರದ್ದಲ್ಲವೆ.’

ಇಟ್ಟೆ. ಬಿತ್ತು.
ಉಳಿದ ಕಡೆಯೆಲ್ಲ ಕೂತಿತು ಏಡಿ,
ಅಡಿಯಲ್ಲಿ, ಚಕ್ರದ ಕಮಾನಿನಲ್ಲಿ, ಎಲ್ಲಿ ಇಟ್ಟರಲ್ಲಿ.
ಮೂರು ದಿನ ಚೌಕಾಸಿ ಅಭ್ಯಾಸ ಮಾಡಿ ಬಂದಿದ್ದ ಫೆಸ್ಟಸ್
ಬಾಯಿ ತೆರೆದವನು ಕೋಳಿಗಳ ಬಗ್ಗೆ ವಿಚಾರಿಸಿದ.
ಸ್ಟೆಪ್ನಿ ಟೈರು ಸವೆದಿದೆಯೆಂದು
ಅವರೇ ಎಂಟುನೂರು ಇಳಿಸಿಕೊಂಡರು.

ಆಮೇಲೆ ನಮ್ಮ ಅಂಗಳದಲ್ಲಿ ತಿಂಗಳುಗಟ್ಟಲೆ ಗರಗಸ.
ಮೇಲೆ ತಗಡಿನ ಗೂಡು, ಪ್ಲೈವುಡ್ಡಿನ ಮಂಚ,
ಹಿಂಬಾಗಿಲು ತೆರೆದರೆ ಪೆಂಡಾನ ಕಾಲಿಗೊಂದು ಹಲಗೆ.
ಅಡುಗೆ ಸಾಮಾನಿಗೆ ಕಾರ್ಖಾನೆ ಎಸೆದ ಮೀನಿನ ಕ್ರೇಟುಗಳು,
ಎಷ್ಟು ತೊಳೆದರೂ, ಸರಿ,
ಮೂಗು ಜೊತೆಗೇ ಬಂತು.

ಸ್ಪಿಟ್ಸ್‌ಕೊಪ್ಪೆಯ ಬಂಡೆಗಳ ಕೆಳಗೆ ಮೊದಲ ರಾತ್ರಿ.
ಗ್ಯಾಸು ಮನೆಯಲ್ಲೇ ಮರೆತು ತಣ್ಣನೆ ಬೀನ್ಸ್ ತಿಂದೆವು.
ನ್ದಾಪೇವಾ ಟಾರ್ಚು ಹಿಡಿದು ಏಡಿಯನ್ನು
ಆ ಬಾಗಿಲಿಗೆ ಇಡುವುದು, ಬೀಳುವುದು,
ಇಡುವುದು, ಬೀಳುವುದು.
‘ಹಾಗಾದರೆ ಇಲ್ಲಿ ನನ್ನ ಚಿತ್ರ ಹಾಕೋದು ಹೇಗೆ?’
ಯಾರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ
ಬಣ್ಣದ ಮೇಲೇ ಬರೆದಿದ್ದಳು, ಕಪ್ಪು ಮಾರ್ಕರಿನಲ್ಲಿ,
ಸುರುಳಿ ಕೊಂಬು, ಐದು ಕಾಲು.
ಫೆಸ್ಟಸ್ ಬಯ್ಯಲು ಹೋಗಿ ಎಣಿಸಿದ,
ಮತ್ತೆ ಎಣಿಸಿದ.
‘ಐದನೆಯದು ಯಾವುದೇ?’
‘ಅದು ತಪ್ಪಿಸಿಕೊಳ್ಳೋ ಕಾಲು’ ಅಂದಳು,
ಬಾಯಲ್ಲಿ ಬ್ರೆಡ್ಡು ತುಂಬಿಕೊಂಡು.